ಐಸಿನ ಇಳಿಜಾರು

ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನಿಂದ ಬೋಟು ನಿಲ್ಲುವ ಧಕ್ಕೆಗೆ ಇಳಿಯುವ ದಾರಿ ಬಲು ಕಡಿದು. ಬೋಟುಗಳಿಗೆ ತುಂಬುವಾಗ ಚೆಲ್ಲಿದ ಪುಡಿ ಐಸ್ ಅಲ್ಲಿ ರಾಶಿ ಬೀಳುತ್ತಿತ್ತು. ಅದನ್ನು ಬದಿಗೆ ತಳ್ಳಲು ಧಣಿಗಳು ತೋಟದಲ್ಲಿ ಓಡಿಸುವಂಥ ಪುಟ್ಟ ಬ್ಯಾಟರಿ ಟ್ರ್ಯಾಕ್ಟರ್ ತರಿಸಿ, ಮುಂದೆ ಹಲಗೆ ಕಟ್ಟಿಸಿದ್ದರು. ಓಡಿಸಲು ಕಲಿತವಳು ಅಲ್ಲಿ ಕೆಲಸಕ್ಕಿದ್ದ ಅಕ್ಕು.

ಅಂದು ಬೆಳಿಗ್ಗೆ ಅರ್ಧ ದಾರಿಯ ಐಸ್ ತಳ್ಳುವಷ್ಟರಲ್ಲಿ ಗಾಡಿ ಜಾರಿತು. ಬ್ರೇಕ್ ಒತ್ತಿದಳು. ಚಕ್ರ ನಿಂತಿತು, ಗಾಡಿ ನಿಲ್ಲಲಿಲ್ಲ. ಕೆಳಗೆ ಅವಳ ಚಿಕ್ಕಮ್ಮ ಪದ್ದು ಇತ್ತ ಬೆನ್ನು ಹಾಕಿ ಬಂಗುಡೆ ಮೀನು ಆರಿಸುತ್ತಿದ್ದಳು. ಅವಳ ಆಚೆಗೆ ಹೊಳೆ.

“ಹ್ವಾಯ್, ಚಿಕ್ಕಮ್ಮ, ಏಳಿ.”

ಐಸ್ ಪುಡಿಮಾಡುವ ಯಂತ್ರದ ಗದ್ದಲದಲ್ಲಿ ಕೂಗು ಮುಳುಗಿತು. ಡೀಸೆಲ್ ಗಾಡಿಯಾಗಿದ್ದರೆ ಅದರ ಆರ್ಭಟಕ್ಕಾದರೂ ಚಿಕ್ಕಮ್ಮ ತಿರುಗುತ್ತಿದ್ದಳೇನೋ. ಇದು ಸದ್ದೇ ಇಲ್ಲದೆ ಅವಳ ಬೆನ್ನಿಗೆ ಹೋಗುತ್ತಿತ್ತು. ಅಕ್ಕು ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗಲಿಲ್ಲ. ಬ್ರೇಕ್ ಬಿಟ್ಟರೆ ತಿರುಗಬಹುದು ಅನ್ನಿಸಿತು. ಆದರೆ ಕಾಲು ಏಳಲೊಲ್ಲದು, ಬಿಟ್ಟೊಡನೆ ಇನ್ನೂ ಜೋರಾಗಿ ನುಗ್ಗಿದರೆ?

ಚಿಕ್ಕಮ್ಮನ ತುರುಬಿನ ಪಿನ್ನು ಕಾಣುವಷ್ಟು ಹತ್ತಿರವಾದಾಗ ಅಕ್ಕು ಕಣ್ಣು ಮುಚ್ಚಿ ಕಾಲೆತ್ತಿದಳು. ಗಾಡಿ ಮುಂದಕ್ಕೆ ಹಾರಿ, ಗಕ್ಕನೆ ಎಡಕ್ಕೆ ಹೊರಳಿ, ಗೋಡೆ ಬದಿಯ ಐಸ್ ರಾಶಿಗೆ ಹೊಕ್ಕು ನಿಂತಿತು. ಪುಡಿ ಐಸ್ ಇಬ್ಬರ ಮೇಲೂ ಸುರಿಯಿತು.

“ಎಂತ ಆಯ್ತ್ ಅಕ್ಕು? ನಂಗೆ ಎಂತದೂ ಕೇಣ್ಲಿಲ್ಲ,” ಎಂದಳು ಪದ್ದು, ತಲೆ ಕೊಡವುತ್ತ.

ಸ್ಟೇರಿಂಗ್ ಹಿಡಿದ ಅಕ್ಕುವಿನ ಬೆರಳುಗಳನ್ನು ಚಿಕ್ಕಮ್ಮನೇ ಒಂದೊಂದಾಗಿ ಬಿಡಿಸಬೇಕಾಯಿತು. ಉಳಿದ ಐಸನ್ನು ಇಬ್ಬರೂ ಸಲಿಕೆಯಲ್ಲೇ ಎಳೆದರು.