ನಕ್ಷತ್ರಕ್ಕೆ ಮುಯ್ಯಾಳು

ಪಲ್ಸಾರ್ ಎಂದರೆ ಸತ್ತ ಮೇಲೂ ಗಿರಗಿರ ತಿರುಗುವ ನಕ್ಷತ್ರ. ಅಂಥದ್ದೊಂದು ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಶಿವನಿ ಊರಿನ ಭುವನಾಳ ನಿದ್ದೆ ಕೆಡಿಸಿತ್ತು. ಅದು ಚೆಲ್ಲುವ ಗಾಮಾ ಕಿರಣ ನಮ್ಮ ಗಾಳಿ ದಾಟಿ ನೆಲಕ್ಕಿಳಿಯುವುದಿಲ್ಲ. ಬಾಹ್ಯಾಕಾಶದ ದೂರದರ್ಶಕ ವರ್ಷಗಟ್ಟಲೆ ಕಾದು, ಜಿಪುಣ ಕೊಟ್ಟ ಹಾಗೆ ಒಂದೊಂದೇ ಕಣ ಹಿಡಿದಿಟ್ಟಿತ್ತು. ಆ ಕಣಗಳು ಬಂದ ಹೊತ್ತನ್ನು ನಕ್ಷತ್ರ ತಿರುಗುತ್ತಿರಬಹುದಾದ ಕೋಟಿಗಟ್ಟಲೆ ವೇಗಗಳ ಜೊತೆ ತಾಳೆ ಹಾಕಬೇಕು. ಸರಿಯಾದ ವೇಗ ಸಿಕ್ಕರೆ ನಕ್ಷತ್ರದ ಮಿಡಿತ ಎದ್ದು ಕಾಣುತ್ತದೆ. ಶ್ರಾವಣ ಮುಗಿಯುವುದರೊಳಗೆ ಸಿಗದಿದ್ದರೆ ಪಿಎಚ್‌ಡಿಗೆ ಬೇರೆ ವಿಷಯ ನೋಡಿಕೋ ಎಂದು ಗೈಡ್ ಹೇಳಿಯಾಗಿತ್ತು. ಅವಳ ಒಂದೇ ಲ್ಯಾಪ್‌ಟಾಪಿಗೆ ಅದು ವರ್ಷಗಳ ಕೆಲಸ.

“ಒಬ್ಳೇ ಯಾಕೆ ಒದ್ದಾಡ್ತೀಯಾ? ಮುಯ್ಯಾಳು ಕರಿ ಕಣೇ,” ಎಂದಳು ತಾಯಿ ಹೇಮಾವತಿ.

ಈರುಳ್ಳಿ ಕಳೆಗೆ ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ಊರಿನಲ್ಲಿ ಅದು ಇನ್ನೂ ನಡೆಯುತ್ತಿತ್ತು. ಭುವನಾ ನಾಚಿಕೆ ಬಿಟ್ಟು ಮನೆ ಮನೆ ಹತ್ತಿಳಿದಳು. ಕಂಪ್ಯೂಟರ್ ಬಿಟ್ಟುಕೊಟ್ಟವರಿಗೆ ಒಂದು ದಿನ ಕಳೆ ತೆಗೆದುಕೊಡುತ್ತೇನೆ ಎಂದಳು. ನಕ್ಕವರೂ ಕೊಟ್ಟರು. ಪಕ್ಕದ ಮನೆಯ ಕರಿಬಸಮ್ಮ ಮಗಳ ಕಾಲೇಜು ಲ್ಯಾಪ್‌ಟಾಪ್ ತಂದಿಟ್ಟಳು. ಅಜ್ಜಂಪುರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ತಿಪ್ಪೇಶನದಂತೂ ಎಲ್ಲರಿಗಿಂತ ದೊಡ್ಡ ಯಂತ್ರ. “ನಕ್ಷತ್ರ ನಮ್ಮದ್ರಲ್ಲೇ ಸಿಗೋದು, ನೋಡ್ತಿರು,” ಎಂದು ಊರಿಗೆಲ್ಲ ಡಂಗುರ ಹೊಡೆದ. ಭುವನಾ ವೇಗಗಳನ್ನು ಪಾಲು ಮಾಡಿ, ಕಂಪ್ಯೂಟರಿಗೆ ಒಂದೊಂದು ಪಾಲು ಹಚ್ಚಿದಳು.

ಸಿಕ್ಕಿತು. ಶ್ರಾವಣದ ಕೊನೆಯ ವಾರ, ಕರಿಬಸಮ್ಮನ ಮನೆಯ ಲ್ಯಾಪ್‌ಟಾಪಿನಲ್ಲಿ. ಗೈಡ್ ಪರೀಕ್ಷಿಸಿ ಹೌದೆಂದಾಗ ಭುವನಾ ಕರಿಬಸಮ್ಮನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಇಷ್ಟೊಂದು ಜನ ತನಗಾಗಿ ನಿಂತರಲ್ಲ ಎಂದು ಅವಳ ಎದೆ ತುಂಬಿತ್ತು.

ಮರುದಿನದಿಂದಲೇ ಮುಯ್ಯಿ ತೀರಿಸಲು ಹೊರಟಳು. ತಿಪ್ಪೇಶನ ಹೊಲಕ್ಕೆ ಬಂದಾಗ, ಕಳೆ ಕೀಳುತ್ತಿದ್ದ ಅವನು ಮುಖ ಕೊಟ್ಟು ಮಾತಾಡಲಿಲ್ಲ.

“ನೀನು ಹೋಗವ್ವಾ. ನಮ್ಮದ್ರಲ್ಲಿ ಏನೂ ಸಿಗ್ಲಿಲ್ಲ. ಯಾವ ಮುಯ್ಯಿ?”

“ಎಲ್ಲೈತೆ ಅಂತ ಯಾರಿಗೆ ಗೊತ್ತಿತ್ತಣ್ಣ? ನಿಮಗೆ ಕೊಟ್ಟಿದ್ದ ಪಾಲಿಂದ್ಲೇ ನಾನು ಶುರು ಮಾಡ್ಬೇಕು ಅಂತಿದ್ದೆ. ಒಬ್ಳೇ ಆಗಿದ್ರೆ ಅಲ್ಲೇ ಹುಡುಕ್ತಾ ಕೂತಿರ್ತಿದ್ದೆ. ಶ್ರಾವಣ ಮುಗ್ದೋಗ್ತಿತ್ತು. ಇಲ್ಲಿಲ್ಲ ಅಂತ ನಿಮ್ಮ ಕಂಪ್ಯೂಟರ್ ಹೇಳ್ತಲ್ಲ, ಅದಕ್ಕೇ ಬಂದಿದೀನಿ.”

ತಿಪ್ಪೇಶ ತನ್ನ ಪಕ್ಕದ ಸಾಲಿನಿಂದ ನೀರಿನ ಕೊಡ ಎತ್ತಿಟ್ಟು ಅವಳಿಗೆ ಜಾಗ ಬಿಟ್ಟ.