ಬಂಗಲೆಯ ಡಬ್ಬದ ಹಿಟ್ಟು

ಸುಳ್ಳು ಹೇಳುವುದಿದ್ದರೆ ಬೇರೆ ಯಾರ ಮುಂದಾದರೂ ಹೇಳಬೇಕು, ತವರಿನವರ ಮುಂದೆ ಹೇಳಬಾರದು. ಅವರು ನಂಬಿಬಿಡುತ್ತಾರೆ. ಕೊತ್ತತ್ತಿಯ ಚಿಕ್ಕನಂಜಮ್ಮನಿಗೆ ಈ ಬುದ್ಧಿ ಬರುವ ಹೊತ್ತಿಗೆ ಮಾತು ಬಾಯಿ ದಾಟಿ, ಮದ್ದೂರು ದಾಟಿ, ಮಳವಳ್ಳಿ ಸೇರಿಯಾಗಿತ್ತು.

ಆದದ್ದಿಷ್ಟು. ಮದ್ದೂರಿನ ಸಂತೆಯಲ್ಲಿ ಅವಳ ಅವ್ವ ಸಿಕ್ಕಿದ್ದಳು. ಮೆಣಸಿನಕಾಯಿ ರಾಶಿಯ ಪಕ್ಕ ನಿಂತು ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ಅವ್ವ ದನಿ ತಗ್ಗಿಸಿ, "ನಿನ್ ಗಂಡ ಇನ್ನೂವೆ ಆ ಬಂಗ್ಲೇಲಿ ಎಂಜ್ಲು ತಟ್ಟೆ ತೊಳೀತಾವ್ನಾ?" ಎಂದು ಕೇಳಿದಳು. ಪಕ್ಕದಲ್ಲಿದ್ದ ಮೆಣಸಿನಕಾಯಿ ಮಾರುವವಳೂ ಕಿವಿ ನೆಟ್ಟಗೆ ಮಾಡಿದಳು. ಚಿಕ್ಕನಂಜಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಅದೆಲ್ಲ ಓದ್ ವರ್ಸದ ಮಾತು ಕಣವ್ವ. ಈಗ ಅಡುಗೆಮನೆಯೇ ನಿಮ್ಮಳಿಯಂದು. ದೊರೆಗೋಳು ತಿನ್ನೋ ಸಿಹಿಯೆಲ್ಲ ಅವ್ರ ಕೈಯಿಂದಲೇ ಆಗ್ಬೇಕು" ಎಂದುಬಿಟ್ಟಳು.

ಅವಳ ಗಂಡ ಮುದ್ದಯ್ಯ ಮಂಡ್ಯದಲ್ಲಿ, ಸಕ್ಕರೆ ಕಾರ್ಖಾನೆಯ ಹತ್ತಿರದ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ, ಪಾತ್ರೆ ತೊಳೆಯುತ್ತಿದ್ದ. ಹೋದ ವರ್ಷವೂ ತೊಳೆಯುತ್ತಿದ್ದ, ಈಗಲೂ ತೊಳೆಯುತ್ತಿದ್ದ. ಒಲೆಯ ಹತ್ತಿರ ಅವನನ್ನು ಯಾರೂ ಬಿಟ್ಟುಕೊಂಡಿರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಅಡುಗೆಯವನಿಗೆ ತನ್ನ ಕೈಗುಟ್ಟನ್ನು ಇನ್ನೊಬ್ಬರು ಕಲಿತಾರೆಂಬ ಭಯ. ಅಡುಗೆ ಮಾಡುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದ, ಪಾತ್ರೆ ಹೊರಗಿಡಲು ಮಾತ್ರ ತೆಗೆಯುತ್ತಿದ್ದ.

ಈ ಕೆಲಸವೇ ಮಾವ ಅಳಿಯಂದಿರ ನಡುವೆ ಗೋಡೆಯಾಗಿತ್ತು. ಮಳವಳ್ಳಿಯ ದೊಡ್ಡಬೀರಯ್ಯ ಮಗಳನ್ನು ಕೊಟ್ಟಾಗ ಮುದ್ದಯ್ಯ ಉಳುಮೆ ಮಾಡಿಕೊಂಡಿದ್ದ. ಮದುವೆಯಾದ ಮರುವರ್ಷ ಬಂಗಲೆಗೆ ಸೇರಿದ. ಸುದ್ದಿ ಕೇಳಿ ಬಂದ ದೊಡ್ಡಬೀರಯ್ಯ ಅಂಗಳದಲ್ಲೇ ನಿಂತು, "ನಾನು ಮಗಳ್ನ ಕೊಟ್ಟಿದ್ದು ನೇಗ್ಲು ಇಡಿಯೋ ಕೈಗೆ. ಕಂಡೋರ ಎಂಜ್ಲು ತೊಳ್ಯೋ ಕೈಗಲ್ಲ. ಈ ಮನೇಲಿ ಇನ್ನು ಒಂದು ತುತ್ತೂ ಮುಟ್ಟಾಕಿಲ್ಲ" ಎಂದು, ಮಗಳು ತಂದ ನೀರಿನ ಚೊಂಬನ್ನೂ ನೋಡದೆ ತಿರುಗಿ ನಡೆದಿದ್ದ. ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಅವಳು ಹಬ್ಬಕ್ಕೆ ತವರಿಗೆ ಹೋದರೆ ಅಪ್ಪ ಹಸುವಿನ ಮುಖ ನೋಡಿಕೊಂಡು ಅವಳನ್ನು ಮಾತಾಡಿಸುತ್ತಿದ್ದ. ಆ ಮನೆಯಲ್ಲಿ ಅಪ್ಪನಿಗೆ ಎಲ್ಲರಿಗಿಂತ ಮುದ್ದಿನವಳು ಇವಳೇ ಆಗಿದ್ದಳು. ಅವಳಿಗೆ ಅಪ್ಪ ಬೇಕಾಗಿತ್ತು. ಅದಕ್ಕೇ ಬಾಯಿ ಸುಳ್ಳಾಡಿತ್ತು.

ಸಂತೆ ಕಳೆದು ವಾರವಾಗಿಲ್ಲ, ಊರೂರು ತಿರುಗಿ ಬಳೆ ತೊಡಿಸುವ ಅಂಕಮ್ಮ ಸುದ್ದಿ ತಂದಳು.

"ಸುಕ್ರವಾರ ನಿಮ್ಮಪ್ಪ ಬತ್ತಾನಂತೆ ಕಣಮ್ಮಿ. ಅಳಿಯ ಮಾಡೋ ದೊರೆ ಸಿಹಿ ತಿಂದು ನೋಡ್ಬೇಕಂತೆ. ಬಾಯಿಗೆ ಸರಿಬಂದ್ರೆ ಕುಂತು ಉಣ್ತಾನಂತೆ. ಇಲ್ದಿದ್ರೆ ಬಂದ ದಾರೀಲೇ ವಾಪಸ್ ಓಯ್ತಾನಂತೆ. ಎತ್ತು ಕೈ, ಬಳೆ ತೊಡುಸ್ತೀನಿ."

ಅವತ್ತು ತೊಟ್ಟ ಬಳೆ ಯಾವ ಬಣ್ಣದ್ದೆಂದು ಸಂಜೆಯವರೆಗೆ ಚಿಕ್ಕನಂಜಮ್ಮ ನೋಡಿಕೊಳ್ಳಲೇ ಇಲ್ಲ.

ಮುದ್ದಯ್ಯ ಕೇಳಿ ಕೂಗಾಡುತ್ತಾನೆಂದುಕೊಂಡಿದ್ದಳು. ಅವನು ತಲೆ ಕೆರೆದುಕೊಂಡು, "ಅಲ್ಲ ಕಣಮ್ಮಿ, ಸುಳ್ಳು ಹೇಳೋಳು ಒಬ್ಬಟ್ಟು ಮಾಡ್ತಾರೆ ಅಂತನಾದ್ರೂ ಹೇಳ್ಬಾರ್ದಾಗಿತ್ತಾ? ಅದ್ನ ನೀನೇ ಮಾಡಿ ಇಕ್ಬೋದಾಗಿತ್ತು" ಎಂದ. ಆಮೇಲೆ, "ಆಗ್ಲಿ ಬುಡು, ದೊರೆಸಾನೀನ ಕೇಳ್ತೀನಿ" ಎಂದ.

ದೊರೆಸಾನಿ ಬೇಸಿಗೆ ಕಳೆಯಲು ಊಟಿಗೆ ಹೊರಟಿದ್ದಳು. ಅಡುಗೆಯವನೂ ಜೊತೆಗೆ ಹೊರಟಿದ್ದ. ಬೀರು ಖಾಲಿ ಮಾಡುವ ಗಡಿಬಿಡಿಯಲ್ಲಿ ಅವಳು ಮುದ್ದಯ್ಯನ ಮಾತನ್ನು ಅರ್ಧ ಕೇಳಿ, ನಕ್ಕು, ಒಂದು ತಗಡಿನ ಡಬ್ಬ ಅವನ ಕೈಗಿಟ್ಟಳು. ಹಡಗಿನಲ್ಲಿ ಬಂದ ಸಾಮಾನು. ಹಿಟ್ಟು, ಸಕ್ಕರೆ, ಉಬ್ಬುವ ಪುಡಿ ಎಲ್ಲ ಅದರಲ್ಲೇ ಬೆರೆತಿರುತ್ತದಂತೆ. "ಹಣ್ಣು ನಿಂದು, ಬಾಕಿ ಎಲ್ಲಾ ಇದರಲ್ಲಿ ಇದೆ. ಬಹಳ ಸುಲಭ" ಎಂದು ಅವಳು ತನ್ನ ಒಡಕು ಕನ್ನಡದಲ್ಲಿ ಹೇಳಿ ಮೋಟಾರು ಹತ್ತಿದಳು. ಆ ಹಣ್ಣಿನ ಸಿಹಿಯನ್ನು ಬಂಗಲೆಯಲ್ಲಿ ಕಾಬ್ಲರು ಎನ್ನುತ್ತಿದ್ದರು.

ಸುಲಭ ಅನ್ನುವ ಮಾತನ್ನು ನಂಬಿ ಕೆಟ್ಟವರ ಸಾಲಿಗೆ ನಮ್ಮ ಚಿಕ್ಕನಂಜಮ್ಮನೂ ಸೇರಿದಳು ನೋಡಿ.

ಶುಕ್ರವಾರ ಬೆಳಿಗ್ಗೆ ಕೋಳಿಸಾರು ಕುದಿಸಿ ಇಳಿಸಿಟ್ಟು, ಡಬ್ಬವನ್ನು ಮುಂದಿಟ್ಟುಕೊಂಡು ಗಂಡಹೆಂಡಿರು ಕೂತರು. ಡಬ್ಬದ ಮೇಲೆ ಅಚ್ಚಾಗಿದ್ದ ಅಕ್ಷರ ಇಬ್ಬರಿಗೂ ಬಾರದು. ಆದರೆ ಚಿತ್ರವಿತ್ತು. ಬಿಳಿಯ ಬಟ್ಟಲು, ಬಟ್ಟಲಲ್ಲಿ ಕೆಂಪಗೆ ಏನೋ ರಸ, ರಸದ ಮೇಲೆ ಕಂದು ಬಣ್ಣದ ದುಂಡು ದುಂಡು ಉಂಡೆಗಳು, ಮೇಲೆ ಹಬೆ.

ಚಿಕ್ಕನಂಜಮ್ಮನ ಮುಖ ಅರಳಿತು. "ಅಯ್ಯೋ ಇದಾ. ಇದು ಮುದ್ದೆ ಸಾರು ಕಣೇಳು."

ಮುದ್ದಯ್ಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ. "ಅಂಗೇ ಕಾಣ್ತದೆ" ಎಂದ.

ಮಂಡ್ಯ ಸೀಮೆಯಲ್ಲಿ ಹುಟ್ಟಿದ ಯಾರಿಗೆ ತೋರಿಸಿದರೂ ಹಾಗೇ ಹೇಳುತ್ತಿದ್ದರು. ದೊರೆಗಳೂ ಒಳಗೊಳಗೆ ಮುದ್ದೆಯನ್ನೇ ತಿನ್ನುತ್ತಾರೆ, ಹೊರಗೆ ಮಾತ್ರ ಕಾಬ್ಲರು ಗೀಬ್ಲರು ಎನ್ನುತ್ತಾರೆ ಎಂದು ಅವಳಿಗೆ ನಗು ಬಂತು. ಅರ್ಧ ಹಣ್ಣಾದ ಮಾವನ್ನು ಹೆಚ್ಚಿ ಬೆಲ್ಲ ಹಾಕಿ ಒಂದು ಕಡೆ ಬೇಯಿಸಿಟ್ಟಳು. ಇನ್ನೊಂದು ಮಡಕೆಯಲ್ಲಿ ಎಸರಿಟ್ಟು, ನೀರು ಕೊತಕೊತ ಕುದಿಯುವಾಗ ಡಬ್ಬದ ಹಿಟ್ಟನ್ನು ಅರ್ಧದಷ್ಟು ನಡುವಿಗೆ ಸುರಿದಳು. ಹೆಂಗಸಿನ ಕೈ ದಿನಾ ಮಾಡುವ ಕೆಲಸ, ಎಲ್ಲಿಯೂ ತಪ್ಪಲಿಲ್ಲ. ಮುದ್ದೆಕೋಲು ಹಿಡಿದು ಕಾಯುತ್ತ ಕೂತಳು.

ರಾಗಿಹಿಟ್ಟು ಹೇಳಿದ ಮಾತು ಕೇಳುತ್ತದೆ. ಈ ಹಿಟ್ಟು ಕೇಳಲಿಲ್ಲ. ಮೊದಲು ನೊರೆ ಎದ್ದಿತು. ನೊರೆ ಗುಳುಗುಳು ಎನ್ನುತ್ತ ಮಡಕೆಯ ಕಂಠಕ್ಕೆ ಬಂತು. ಅವಳು ಕೋಲಿನಿಂದ ಅದುಮಿದಷ್ಟೂ ಉಬ್ಬಿತು. ನೋಡನೋಡುತ್ತಿದ್ದಂತೆ ಮಡಕೆ ದಾಟಿ ಒಲೆಗೆ ಇಳಿಯಿತು, ಒಲೆ ಚುಯ್ ಎಂದು ಆರಿತು. ಮಿಕ್ಕಿದ್ದು ಗೋಂದಿನಂತೆ ಕೋಲಿಗೆ ಕಚ್ಚಿಕೊಂಡಿತು. ಮುದ್ದಯ್ಯ ಕೋಲು ಎಳೆದರೆ ಮಡಕೆಯೂ ಜೊತೆಗೇ ಎದ್ದು ಬಂತು. ಅವನಿಗೆ ನಗು ತಡೆಯಲಾಗಲಿಲ್ಲ.

"ನಗ್ತೀಯಾ? ನಮ್ಮಪ್ಪ ಇಷ್ಟೊತ್ಗೆ ಬಸ್ಸತ್ತಿರ್ತಾನೆ" ಎಂದು ಚಿಕ್ಕನಂಜಮ್ಮ ಕೋಲು ಬಿಸಾಕಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. "ಈ ಸಲ ಓದ್ರೆ ಅವ್ನು ಇನ್ ಬರಾಕಿಲ್ಲ. ನಾನು ಸತ್ರೂ ಬರಾಕಿಲ್ಲ."

ಮುದ್ದಯ್ಯನ ನಗು ನಿಂತಿತು. ಮಳವಳ್ಳಿಯಿಂದ ಬರುವುದು ಇದ್ದಿಲು ಬಸ್ಸು. ಯುದ್ಧದಲ್ಲಿ ಪೆಟ್ರೋಲು ಸಿಗದೆ ಎಲ್ಲ ಬಸ್ಸಿನ ಬೆನ್ನಿಗೂ ಇದ್ದಿಲ ಒಲೆ ಕಟ್ಟಿದ್ದರು. ಏರು ಬಂದರೆ ಜನ ಇಳಿದು ತಳ್ಳಬೇಕಾಗಿತ್ತು. "ಇದ್ದಿಲು ಬಸ್ಸು ಕಣಮ್ಮಿ, ಮಧ್ಯಾನ್ಕ್ ಮುಂಚೆ ಬರಾಕಿಲ್ಲ. ಡಬ್ಬದಲ್ಲಿ ಇನ್ನೂ ಅರ್ಧ ಅದೆ" ಎಂದು ಸಮಾಧಾನ ಮಾಡಿದ.

ಅವಳು ಮೂಗೊರೆಸಿಕೊಂಡಳು. ಆಮೇಲೆ ಕೇಳಿದಳು. "ನೀನು ಆ ಪಾತ್ರೆ ತೊಳ್ದಿದ್ದೀಯಲ್ಲ, ತಳದಲ್ಲಿ ಏನು ಅಂಟ್ಕಂಡಿರ್ತದೆ?"

"ಅಣ್ಣು. ಅಂಟಂಟು ರಸ."

"ಮೇಲ್ಗಡೆ?"

"ಅಂಚಿನಲ್ಲಿ ಇಟ್ಟಿನ ಚೂರು. ಒಣಗಿರ್ತವೆ, ಬಿಸ್ಕತ್ತು ಇದ್ದಂಗೆ. ಒಂದೊಂದ್ ಸಲ ಮೇಲ್ಗಡೆ ಕಪ್ಪಗೆ ಸೀದಿರ್ತದೆ. ಅದ್ನ ಉಜ್ಜೋದೇ ಕಷ್ಟ."

"ಮೇಲೆ ಸೀದಿರ್ತದೆ ಅಂದ್ರೆ ಮೇಲೂ ಬೆಂಕಿ ಇರ್ತದೆ" ಎಂದು ಚಿಕ್ಕನಂಜಮ್ಮ ಎದ್ದು ನಿಂತಳು. "ಅಣ್ಣು ಕೆಳಗೆ, ಇಟ್ಟು ಮೇಲೆ, ಕೆಳಗೂ ಕೆಂಡ, ಮೇಲೂ ಕೆಂಡ. ಇದ್ನ ಮೊದ್ಲೇ ಹೇಳಾಕೆ ಏನಾಗಿತ್ತು ನಿಂಗೆ?"

"ನೀನು ಕೇಳ್ಲಿಲ್ಲ" ಎಂದ ಮುದ್ದಯ್ಯ.

ಅಷ್ಟು ಕೆಂಡಕ್ಕೆ ಮನೆಯ ಒಲೆ ಸಾಲದು, ಅದೂ ಆರಿಹೋಗಿತ್ತು. ನಾಲೆಯ ಆಚೆ ಕೆಂಪಸಿದ್ದಯ್ಯನ ಆಲೆಮನೆ ನಡೆಯುತ್ತಿತ್ತು. ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆಯ ಕೆಳಗೆ ಜಾಲಿ ಕೊರಡು ಬೆಳಗಿನಿಂದ ಉರಿಯುತ್ತಿರುತ್ತದೆ. ಅವಳು ಉಳಿದ ಹಿಟ್ಟಿಗೆ ಹಾಲು ಬೆಣ್ಣೆ ಹಾಕಿ, ನೀರು ಸೋಕಿಸದೆ, ಗಟ್ಟಿಯಾಗಿ ಕಲಸಿದಳು. ಕಲಾಯಿ ಹಾಕಿದ ಹಿತ್ತಾಳೆ ಬೋಗುಣಿಯಲ್ಲಿ ಬೇಯಿಸಿಟ್ಟ ಮಾವು ತುಂಬಿ, ಚಿತ್ರ ನೋಡಿ ನೋಡಿ ಅದರ ಮೇಲೆ ಉಂಡೆಗಳನ್ನು ಕೂರಿಸಿದಳು. ರೊಟ್ಟಿ ಹಂಚನ್ನು ಮುಚ್ಚಳಕ್ಕೆಂದು ಮುದ್ದಯ್ಯ ಹೊತ್ತ. ಇಬ್ಬರೂ ನಾಲೆಯ ಏರಿ ಹಿಡಿದು ನಡೆದರು.

"ಆಲೆಮನೆಗೆ ಬರೋರು ಬೆಲ್ಲ ಕೇಳ್ತಾರೆ, ನೀವೇನ್ಲಾ ಕೆಂಡ ಕೇಳ್ತೀರಿ" ಎಂದು ಕೆಂಪಸಿದ್ದಯ್ಯ ಗೊಣಗಿದ. ಆದರೂ ತಾನೇ ಸಲಿಕೆಯಲ್ಲಿ ಕೆಂಡ ಎಳೆದು ನೆಲದ ಮೇಲೆ ಹರವಿ, ಬೋಗುಣಿ ಇಟ್ಟ ಮೇಲೆ ಹಂಚಿನ ಮೇಲೂ ಸುರಿದ. "ಅದ್ರೊಳಗೆ ಏನದೆ?"

"ನಮ್ ಮರ್ವಾದೆ" ಎಂದ ಮುದ್ದಯ್ಯ. "ಬೆಂದ್ರೆ ನಿಂಗೂ ಒಂಚೂರು ಕೊಡ್ತೀವಿ."

ಎಷ್ಟು ಹೊತ್ತು ಬೇಯಿಸಬೇಕೆಂದು ಯಾರಿಗೆ ಗೊತ್ತು? ಚಿಕ್ಕನಂಜಮ್ಮ ಕೆಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಮೂಗನ್ನೇ ನಂಬಿಕೊಂಡಳು. ಮೊದಲು ಬೆಲ್ಲದ ವಾಸನೆ ಬಂತು, ಆಲೆಮನೆಯಲ್ಲಿ ಅದೇನು ಹೊಸದಲ್ಲ. ಆಮೇಲೆ ಮಾವು. ಆಮೇಲೆ ಅವಳು ಹಿಂದೆಂದೂ ಮೂಸದ ಒಂದು ವಾಸನೆ ಬಂತು, ಬೆಣ್ಣೆ ಕಾಸಿದಂತೆಯೂ ಇತ್ತು, ರೊಟ್ಟಿ ಸುಟ್ಟಂತೆಯೂ ಇತ್ತು. ಮುದ್ದಯ್ಯ ತಟ್ಟನೆ ತಲೆ ಎತ್ತಿದ. "ಇದೇ ಕಣಮ್ಮಿ. ಬಾಗ್ಲು ಸಂದೀಲಿ ಇದೇ ವಾಸ್ನೆ ಬರ್ತಿತ್ತು" ಎಂದ.

ಹಂಚು ಸರಿಸಿದರೆ, ದೇವರ ದಯೆ, ಚಿತ್ರದಲ್ಲಿದ್ದದ್ದೇ ಎದುರಿಗಿತ್ತು. ಉಂಡೆಗಳು ಉಬ್ಬಿ ಒಂದಕ್ಕೊಂದು ಒತ್ತಿಕೊಂಡು ಕೆಂಪಗಾಗಿದ್ದವು. ಸಂದಿನಲ್ಲಿ ಮಾವಿನ ರಸ ಗುಳುಗುಳು ಎನ್ನುತ್ತಿತ್ತು. ಒಂದು ಮೂಲೆ ಮಾತ್ರ ಕಪ್ಪಗೆ ಸೀದಿತ್ತು. ಅವಳಿಗೆ ಕುಣಿಯಬೇಕೆನ್ನಿಸಿತು.

"ಇಲ್ಲೇನಮ್ಮಿ ಮಾಡ್ತಿದ್ದೀಯ?"

ಬೆನ್ನ ಹಿಂದೆ ಅಪ್ಪ ನಿಂತಿದ್ದ. ಮನೆಗೆ ಬೀಗ ಕಂಡು, ಯಾರನ್ನೋ ಕೇಳಿಕೊಂಡು ಬಂದಿದ್ದ. ಬಸ್ಸು ತಳ್ಳಿ ಅವನ ಅಂಗೈ ಮಸಿಯಾಗಿತ್ತು. ಕೆಂಡದ ಮುಂದೆ ಕೂತು ಮಗಳ ಮುಖವೂ ಮಸಿಯಾಗಿತ್ತು. ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಈ ಸಲ ನಡುವೆ ಹಸು ಇರಲಿಲ್ಲ.

ಕೆಂಪಸಿದ್ದಯ್ಯನ ಪಾಲನ್ನು ಎಲೆಗೆ ಹಾಕಿಕೊಟ್ಟು, ಬೋಗುಣಿ ಹೊತ್ತು ಮನೆಗೆ ಬಂದರು. ದೊಡ್ಡಬೀರಯ್ಯ ಒಳಗೆ ಕಾಲಿಡಲಿಲ್ಲ, ಹೊರಗೆ ಜಗಲಿಯ ಮೇಲೆ ಕೂತ. ಅವಳು ಮುತ್ತುಗದ ಎಲೆಯಲ್ಲಿ ಬಿಸಿಬಿಸಿಯಾಗಿ ಬಡಿಸಿದಳು. ಅವನು ಒಂದು ಚೂರು ಮುರಿದು ರಸಕ್ಕೆ ಅದ್ದಿ ಬಾಯಿಗಿಟ್ಟ. ಅಗಿದ. ಕಣ್ಣು ಮುಚ್ಚಿದ. ಇನ್ನೊಂದು ಚೂರು ಮುರಿದ. ಚಿಕ್ಕನಂಜಮ್ಮ ಕಂಬ ಹಿಡಿದುಕೊಂಡು ನಿಂತೇ ಇದ್ದಳು.

ಎಲೆ ಖಾಲಿ ಮಾಡಿದ. ಆಮೇಲೆ, "ಇದ್ನ ನೀನೇ ಮಾಡ್ದೇನ್ಲಾ ಅಳಿಯ?" ಎಂದ.

ಅಳಿಯ ಒಂದು ಹೂಂ ಅಂದಿದ್ದರೆ ಸಾಕಿತ್ತು. ಮುದ್ದಯ್ಯ ಹೆಂಡತಿಯ ಮುಖ ನೋಡಿದ, ಬೋಗುಣಿ ನೋಡಿದ. "ನಾನ್ ಮಾಡ್ಲಿಲ್ಲ ಮಾವ. ಮಾಡ್ದೋಳು ನಿಮ್ ಮಗಳು. ನಾನು ಈಗ್ಲೂ ಪಾತ್ರೆ ತೊಳ್ಯೋನೇ" ಎಂದ.

ದೊಡ್ಡಬೀರಯ್ಯ ಮಗಳ ಕಡೆ ತಿರುಗಿದ. "ಅಂಗಾರೆ ನಿಮ್ಮವ್ವಂಗೆ ಸುಳ್ಳೇಳ್ದಾ?"

"ಹೂಂ ಕಣಪ್ಪ" ಎಂದಳು. ಕಣ್ಣು ತುಂಬಿ ಬಂತು. "ನೀನು ಬರ್ಲಿ ಅಂತ ಹೇಳ್ದೆ. ನಿನ್ನ ಬಿಟ್ಟು ನಂಗೆ ಇರಾಕೆ ಆಗಾಕಿಲ್ಲ. ಇನ್ನೇನ್ ಮಾಡ್ಲಿ?"

ಮುದುಕ ಬೆರಳು ನೆಕ್ಕಿಕೊಂಡ. ಎಲೆಯನ್ನು ನಿಧಾನವಾಗಿ ಮಡಿಸಿದ. ಆಮೇಲೆ ಗಾಳಿ ಮೂಸಿ, "ಒಳಗೆ ಕೋಳಿಸಾರಿನ ವಾಸ್ನೆ ಬತ್ತಾ ಅದೆ. ಅದಾದ್ರೂ ನಿಜವೋ, ಅದೂ ಸುಳ್ಳೋ?" ಎಂದು ಎದ್ದು, ತಲೆ ಬಗ್ಗಿಸಿ, ಹೊಸ್ತಿಲು ದಾಟಿ ಒಳಗೆ ಬಂದು ಕೂತ.

ಅವಳು ಒಲೆ ಹೊತ್ತಿಸಿ ರಾಗಿಮುದ್ದೆ ತಿರುವಿದಳು. ಅವನು ಮುದ್ದೆ ನುಂಗಿದ, ಸಾರಿಗೆ ಉಪ್ಪು ಜಾಸ್ತಿಯಾಯಿತೆಂದ, ಎರಡನೇ ಸಲ ಹಾಕಿಸಿಕೊಂಡ, ಕೊನೆಗೆ ಬೋಗುಣಿಯನ್ನೇ ಎಳೆದುಕೊಂಡು ಸೀದ ಮೂಲೆಯನ್ನೂ ಕೆರೆದು ತಿಂದ. ತಳದಲ್ಲಿ ಬೆಲ್ಲ ಕರಿದಾಗಿ ಕಚ್ಚಿಕೊಂಡಿತ್ತು. ಮುದ್ದಯ್ಯ ಅಭ್ಯಾಸದಂತೆ ಕೈಚಾಚಿದ. ದೊಡ್ಡಬೀರಯ್ಯ ಕೊಡಲಿಲ್ಲ.

"ಬುಡ್ಲಾ. ಇದು ನನ್ ಎಂಜ್ಲು. ನಾನೇ ತೊಳೀತೀನಿ."

ಬೋಗುಣಿ ಹಿಡಿದು ಹಿತ್ತಿಲಿಗೆ ಹೋಗಿ, ಕಲ್ಲಿನ ಮೇಲೆ ಕೂತು, ಬೂದಿ ಹಾಕಿ ತೆಂಗಿನ ನಾರಿನಿಂದ ಗಸಗಸ ಉಜ್ಜಿದ. ಮಳವಳ್ಳಿಯ ಯಜಮಾನ ಜನ್ಮದಲ್ಲಿ ಪಾತ್ರೆ ಮುಟ್ಟಿದವನಲ್ಲ. ಕಪ್ಪು ಜಗ್ಗಲಿಲ್ಲ. ಅಳಿಯ ಹಿಂದೆ ನಿಂತು ತಡೆದು ತಡೆದು, ಕೊನೆಗೆ ತಡೆಯಲಾರದೆ, "ಅಂಗ್ ಉಜ್ಜುದ್ರೆ ಬರಾಕಿಲ್ಲ ಮಾವ. ಮೊದ್ಲು ಬಿಸ್ನೀರು ಉಯ್ದು ನೆನೀಬುಡ್ಬೇಕು" ಎಂದ.

"ನಂಗೆ ಏಳ್ಕೊಡಾಕ್ ಬತ್ತೀಯೇನ್ಲಾ" ಎಂದು ಮುದುಕ ರೇಗಿದ. ಆದರೆ ಉಜ್ಜುವುದನ್ನು ನಿಲ್ಲಿಸಿ, ಕಲ್ಲಿನ ಮೇಲೆ ಒಂದಿಷ್ಟು ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟ. "ಕುಂತ್ಕೊಂಡು ಹೇಳು."

ಚಿಕ್ಕನಂಜಮ್ಮ ಬಿಸಿನೀರು ತರಲು ಒಳಗೆ ಹೋದಳು.