ನಾಲ್ಕನೆಯ ಕಂತು

ಹಾಲಿನ ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಂದು ತುದಿಯಲ್ಲಿ ಮಗಳು, ಇನ್ನೊಂದು ತುದಿಯಲ್ಲಿ ಚಿಕ್ಕಪ್ಪ. ಅದು ಹಿಂದಕ್ಕೂ ಬರದೆ ಮುಂದಕ್ಕೂ ಹೋಗದೆ ಇಬ್ಬರೂ ಏದುಸಿರು ಬಿಡುತ್ತಿದ್ದಾಗ ಚಿಕ್ಕಪ್ಪನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಅವನಿಗೋ ಅದನ್ನು ಆಗಲೇ ನೋಡಬೇಕು. ಸೋಫಾವನ್ನು ತೊಡೆಯ ಮೇಲೆ ಆನಿಸಿಕೊಂಡೇ ಫೋನು ತೆಗೆದ.

“ಅಣ್ಣ ಬ್ಲಾಗ್ ಬರೆದಿದಾನೆ,” ಅಂದ. “ಈಗ. ಹತ್ತು ಗಂಟೆಗೆ.”

ಅಣ್ಣನೆಂಬವನು, ಮಗಳ ಅಪ್ಪ, ಅವರ ಬೆನ್ನ ಹಿಂದೆಯೇ, ಹಾಲಿನ ನಡುವೆ, ಬಿಳಿ ಹೊದಿಕೆಯಡಿ ಮಲಗಿದ್ದ. ಜೀವ ಹೋಗಿ ಹದಿನಾರು ಗಂಟೆಯಾಗಿತ್ತು.

ಮಗಳು ಸೋಫಾವನ್ನು ನೆಲಕ್ಕೆ ಬಿಟ್ಟಳು. ಅಪ್ಪ ಭಾನುವಾರ ಕೂತು ಬರೆಯುತ್ತಾನೆ, ಹೊತ್ತು ಗೊತ್ತುಮಾಡಿ ಇಡುತ್ತಾನೆ, ಗುರುವಾರ ಹತ್ತಕ್ಕೆ ಅದು ತನ್ನಷ್ಟಕ್ಕೆ ತಾನೇ ಹೊರಗೆ ಬರುತ್ತದೆ ಎಂದು ವಿವರಿಸಿದಳು. ವಿವರಿಸುತ್ತಿದ್ದಂತೆ ಅವಳಿಗೆ ಮೈಯೆಲ್ಲ ಉರಿಯಿತು. ಬದುಕಿದ್ದಾಗ ಒಂದು ದಿನವೂ ಊಟಕ್ಕೆ ಹೊತ್ತಿಗೆ ಸರಿಯಾಗಿ ಬಾರದ ಮನುಷ್ಯ ಸತ್ತ ಮೇಲೆ ಗಡಿಯಾರದಂತೆ ಹಾಜರಾಗಿದ್ದ.

ಚಿಕ್ಕಪ್ಪ ಅದನ್ನು ತಕ್ಷಣ ಅಳಿಸಬೇಕೆಂದ. ಅಲ್ಲಿ ಅಣ್ಣನ ವಿಡಿಯೊ ಪೇಜಿನಲ್ಲಿ ಸಾವಿನ ಸುದ್ದಿ, ಇಲ್ಲಿ ಬ್ಲಾಗಿನಲ್ಲಿ ಸತ್ತವನದೇ ಬರಹ, ನೋಡಿದವರು ಏನಂದುಕೊಳ್ಳಬೇಕು ಅಂತ ಅವನ ವಾದ. ಬ್ಲಾಗ್ ನೋಡುವವರು ಹತ್ತೊಂಬತ್ತೇ ಜನ ಎಂದು ಮಗಳು ನೆನಪಿಸಿದಳು. ಪೇಜಿಗೆ ಮೂವತ್ತೆಂಟು ಸಾವಿರ ಜನರಿದ್ದರು. ರಾತ್ರಿಯಿಂದ ಅಲ್ಲಿ ಕೈಮುಗಿದ ಚಿತ್ರಗಳು ನಾಲ್ಕು ಸಾವಿರ ಬಿದ್ದಿದ್ದವು. ಮನೆಗೆ ಬಂದವರು ಹದಿನಾಲ್ಕು, ಅದೂ ಗೇಟಿನ ಮುಂದಿನ ಕಾರು ತೆಗೆಯಿರಿ ಎನ್ನಲು ಬಂದ ಪಕ್ಕದ ಮನೆಯವರನ್ನು ಸೇರಿಸಿ.

*

ಅಪ್ಪ ಹೊಲಿಗೆ ಮಿಷನ್ ರಿಪೇರಿಯವನು. ಒಂದೇ ಶಟರಿನ ಅಂಗಡಿಯಲ್ಲಿ ನಲವತ್ತು ವರ್ಷ. ಬ್ಲಾಗ್ ಎಂಬುದು ಹೊಸದಾಗಿದ್ದ ಕಾಲದಲ್ಲೇ ಯಾರೋ ಗಿರಾಕಿ ಹೇಳಿಕೊಟ್ಟರೆಂದು ಒಂದನ್ನು ತೆರೆದು, ಯಾವ ಮಿಷನ್ ಯಾಕೆ ಮುನಿಸಿಕೊಳ್ಳುತ್ತದೆಂದು ಉದ್ದುದ್ದ ಬರೆಯುತ್ತಿದ್ದ. ಆಮೇಲೆ ಎಲ್ಲರ ಬ್ಲಾಗಿನಂತೆ ಅದಕ್ಕೂ ದೂಳು ಹಿಡಿಯಿತು.

ಪೇಜು ಮಾಡಿಕೊಟ್ಟವಳು ಮಗಳು. ಜಾಹೀರಾತು ಕಚೇರಿಯಲ್ಲಿ ವಿಡಿಯೊ ಕತ್ತರಿಸಿ ಜೋಡಿಸುವುದೇ ಅವಳ ಕೆಲಸ. ರಜೆಯ ದಿನಗಳನ್ನೆಲ್ಲ ಅಪ್ಪನಿಗೆ ಕೊಟ್ಟಳು. ಅವನು ಹದಿನೆಂಟು ನಿಮಿಷ ಕೆಮ್ಮಿ, ತಡವರಿಸಿ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದ್ದನ್ನು ನಲವತ್ತು ಸೆಕೆಂಡಿಗೆ ಇಳಿಸಿ, ಹಿಂದೆ ಸಂಗೀತ ಹಾಕಿ ಏರಿಸುತ್ತಿದ್ದಳು. ಜನ ಮುಗಿಬಿದ್ದರು. ಬೀದಿಯಲ್ಲಿ ಗುರುತು ಹಿಡಿದು ಮಾತಾಡಿಸುವವರಾದರು. ಮಗಳಿಗೆ ಅಷ್ಟು ಹೆಮ್ಮೆ ತನ್ನ ಸಂಬಳ ಏರಿದಾಗಲೂ ಆಗಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಸಂಜೆ ಅಪ್ಪ ಅಂಗಡಿಯಿಂದ ಬಂದು ಚಪ್ಪಲಿಯನ್ನೂ ಬಿಡದೆ ಹೇಳಿದ: “ಇನ್ನು ವಿಡಿಯೊ ಬೇಡ ಕಣಮ್ಮ. ನಾನು ಬ್ಲಾಗಿಗೇ ಹೋಗ್ತೀನಿ.”

ಯಾಕೆ ಎಂದರೆ, ಅಲ್ಲಿ ಜಾಗ ಸಾಲುವುದಿಲ್ಲ ಅಂದ. ಅವಳು ಕೂಗಾಡಿದಳು. ಇಷ್ಟು ಜನರನ್ನು ಬಿಟ್ಟು ಯಾವ ಹಾಳು ಗೋಡೆಗೆ ಬರೆಯುತ್ತೀಯ ಎಂದಳು. ಅವನು ಚಪ್ಪಲಿ ಬಿಟ್ಟು ಕೈಕಾಲು ತೊಳೆಯಲು ಹೋದ. ಮುಂದಿನ ಗುರುವಾರ ಹತ್ತಕ್ಕೆ ಬ್ಲಾಗಿನಲ್ಲಿ, ದಾರ ಸುತ್ತುವ ಬಾಬಿನ್ ಬಗ್ಗೆ ಎರಡು ಪುಟ ಬಂತು.

ಅಲ್ಲಿಂದ ಅಪ್ಪ ಮಗಳ ಮಾತು ಊಟ ಆಯಿತೇ, ಬಿಸಿಲು ಜಾಸ್ತಿ, ಅಷ್ಟಕ್ಕೇ ನಿಂತಿತು. ಅವಳು ಆ ಬ್ಲಾಗನ್ನು ಒಂದು ಸಲವೂ ತೆರೆದು ಓದಲಿಲ್ಲ. ನಾನು ಮಾಡಿದ ತಪ್ಪಾದರೂ ಏನು ಎಂದು ಕೇಳುವುದು ದಿನವೂ ನಾಲಿಗೆಯ ತುದಿಗೆ ಬರುತ್ತಿತ್ತು. ನಿನ್ನೆ ಆಸ್ಪತ್ರೆಯಲ್ಲೂ ಬಂದಿತ್ತು. ಆಗ ನರ್ಸ್ ಬಂದು ಆಚೆ ನಿಲ್ಲಿ ಎಂದಳು. ಮತ್ತೆ ಒಳಗೆ ಕರೆಯುವಷ್ಟರಲ್ಲಿ ಕೇಳಿ ಪ್ರಯೋಜನವಿರಲಿಲ್ಲ.

*

ಹನ್ನೊಂದರ ಹೊತ್ತಿಗೆ ಗೇಟಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೊರಳಿನಲ್ಲಿ ಅಳತೆಯ ಟೇಪು, ಕೈಯಲ್ಲಿ ಹೊರಲಾರದ ಚೀಲ. ಬಾಗಿಲಲ್ಲಿದ್ದ ಚಪ್ಪಲಿಗಳನ್ನು ನೋಡಿ, ಮನೆಗೂ ಇಷ್ಟು ಗಿರಾಕಿಗಳು ಬರುತ್ತಾರಾ ಎಂದು ಕೇಳಿದಳು. ಅಂಗಡಿ ಮುಚ್ಚಿತ್ತಂತೆ, ಯಜಮಾನರನ್ನು ಎರಡೇ ನಿಮಿಷ ನೋಡಬೇಕಂತೆ. ಸೋಮವಾರಕ್ಕೆ ನಲವತ್ತು ಜೊತೆ ಶಾಲೆಯ ಯೂನಿಫಾರ್ಮ್ ಕೊಡಬೇಕು, ಮುಂದಿನ ಗುರುವಾರದವರೆಗೆ ಕಾಯಲಾಗುವುದಿಲ್ಲವಂತೆ.

“ಅಪ್ಪ ನಿನ್ನೆ ತೀರಿಕೊಂಡರು,” ಅಂದಳು ಮಗಳು.

“ಇಲ್ವಲ್ಲ. ಬೆಳಿಗ್ಗೆ ಬರೆದಿದಾರೆ.”

ಮಗಳ ತಾಳ್ಮೆ ಅಲ್ಲಿಗೆ ತೀರಿತು. ಮೂವತ್ತೆಂಟು ಸಾವಿರ ಜನಕ್ಕೆ ಗೊತ್ತಾದದ್ದು ನಿಮಗೊಬ್ಬರಿಗೆ ಗೊತ್ತಾಗಲಿಲ್ಲವೇ, ಪೇಜಿನಲ್ಲಿ ರಾತ್ರಿಯೇ ಹಾಕಿದ್ದೇನಲ್ಲ ಎಂದಳು. ಟೈಲರ್ ಹೆಂಗಸು ಹಾಲಿನ ಕಡೆ ನೋಡಿದಳು. ಹೊದಿಕೆ ಕಂಡಿತು. ಚೀಲ ಮೆಲ್ಲಗೆ ನೆಲಕ್ಕಿಳಿದು ಒಳಗಿನ ಕಬ್ಬಿಣ ಗಲ್ಲೆಂದಿತು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಮಿಷನ್ ಬಿಚ್ಚೋದನ್ನ ಮೂರು ಕಂತು ಬರೆದರು,” ಅಂದಳು. “ನಾನೂ ಮೂರು ವಾರ ಕೂತು ಪೂರ್ತಿ ಬಿಚ್ಚಿದೆ. ಕೂಡಿಸೋದು ಬರೀದೆ ಹೋಗ್ಬಿಟ್ರಲ್ಲ.”

ಅಳುತ್ತಲೇ ಹೇಳಿದಳು, ಕೋಪವೂ ಇತ್ತು. ಅಪ್ಪನ ಮೇಲೆ ತನಗಿರುವಂಥದೇ ಕೋಪವನ್ನು ಬೇರೆಯವರಲ್ಲಿ ಕಂಡು ಮಗಳು ಕೊಂಚ ಮೆತ್ತಗಾದಳು. ಒಳಗಿಂದ ಅಪ್ಪನ ಲ್ಯಾಪ್‌ಟಾಪ್ ತಂದು ತೆರೆದಳು. ಮುಂದಿನ ವಾರಕ್ಕೆಂದು ‘ಕಂತು ನಾಲ್ಕು: ಕೂಡಿಸುವುದು’ ಎಂಬ ತಲೆಬರಹವಿತ್ತು. ಅದರ ಕೆಳಗೆ ಒಂದಕ್ಷರವೂ ಇರಲಿಲ್ಲ.

“ಪೇಜಲ್ಲಿ ಇದರದೇ ವಿಡಿಯೊ ಇದೆ. ಶಟಲ್ ಸಿಕ್ಕಿಕೊಂಡರೆ ಬಿಚ್ಚಿ ಕೂಡಿಸೋದು ಹೇಗೆ ಅಂತ.”

“ಆ ಪೇಜು ನಾನು ನೋಡಲ್ಲ,” ಅಂದಳು ಟೈಲರ್.

“ಯಾಕೆ?”

ಅವಳು ಬಲಗೈಯ ತೋರುಬೆರಳು ಚಾಚಿದಳು. ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು.

ಎರಡು ವರ್ಷದ ಹಿಂದೆ ಆ ವಿಡಿಯೊ ನೋಡಿಕೊಂಡು ಮಾಡಲು ಹೋಗಿಯೇ ಹೀಗಾದದ್ದಂತೆ. ಅದರಲ್ಲಿ ತೋರಿಸಿದ ಹಾಗೆ ಸೂಜಿಯ ಕೆಳಗಿನ ಶಟಲಿನ ಒಳಗೆ ಬೆರಳಿಟ್ಟು ಚಕ್ರ ತಿರುಗಿಸಿದಳಂತೆ. ಸೂಜಿ ಉಗುರಿನ ಮೂಲಕ ಇಳಿದು ಒಳಗೇ ಮುರಿಯಿತಂತೆ. ಮೊದಲು ಸೂಜಿ ತೆಗೆಯಬೇಕೆಂದು ವಿಡಿಯೊದಲ್ಲಿ ಎಲ್ಲೂ ಇರಲಿಲ್ಲ. ಪೇಜಿನಲ್ಲಿದ್ದ ನಂಬರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದಳಂತೆ. ಅವತ್ತೇ ಸಂಜೆ ಅಪ್ಪ ಅವಳ ಮನೆ ಹುಡುಕಿಕೊಂಡು ಹೋಗಿದ್ದ, ಮಿಷನ್ ಸರಿಮಾಡಿಕೊಟ್ಟಿದ್ದ, ತಪ್ಪಾಯಿತು ಎಂದು ಕೈಮುಗಿದಿದ್ದ.

“ನಾನೇ ಹೇಳೋಕೆ ಮರೆತೆ ಅಂದರು,” ಅಂದಳು. “ಇನ್ನು ಬರವಣಿಗೆಯಲ್ಲೇ ಹೇಳ್ತೀನಿ, ಎಷ್ಟು ಉದ್ದ ಆದರೂ ಸರಿ ಅಂದರು.”

ಮಗಳು ಹಾಲಿಗೆ ಬಂದಳು. ಅಮ್ಮ ಗೋಡೆಗೊರಗಿ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ನಿನಗೆ ಗೊತ್ತಿತ್ತಾ?”

“ಹೇಳಬೇಡ ಅಂದಿದ್ರು,” ಅಂದಳು ಅಮ್ಮ. “ಹೇಳಿದ್ರೆ ನೀನು ಆ ಕೆಲಸಾನೇ ಬಿಟ್ಟುಬಿಡ್ತೀಯ ಅಂತ.”

ಎಂಥ ಮನುಷ್ಯ ಇವನು ಎಂದು ಮಗಳಿಗೆ ಅವನ ಭುಜ ಹಿಡಿದು ಅಲುಗಿಸಬೇಕೆನ್ನಿಸಿತು. ಎರಡು ವರ್ಷ ಮುಖ ತಿರುಗಿಸಿಕೊಂಡು ಓಡಾಡಲು ಬಿಟ್ಟು, ಒಂದು ಮಾತಿನಲ್ಲಿ ಮುಗಿಯುವುದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋಗಿಬಿಟ್ಟಿದ್ದ.

ಕತ್ತರಿಸುವ ಮೊದಲಿನ ವಿಡಿಯೊಗಳನ್ನು ಅವಳು ಅಳಿಸಿರಲಿಲ್ಲ. ತನ್ನ ಫೋನಿನಲ್ಲಿ ಅದನ್ನು ಹುಡುಕಿ ತೆಗೆದಳು. ಹದಿನೆಂಟು ನಿಮಿಷ. ಹಿಂದಿನ ಕೋಣೆಯ ಮೇಜಿನ ಮೇಲೆ ಟೈಲರ್ ಚೀಲ ಬಿಚ್ಚಿ ಭಾಗಗಳನ್ನು ಸಾಲಾಗಿ ಇಟ್ಟಳು. ಫೋನನ್ನು ಡಬ್ಬಿಗೆ ಒರಗಿಸಿ ನಿಲ್ಲಿಸಿದರು.

ಅಪ್ಪ ಕೆಮ್ಮಿದ. ಹಾಲಿನಲ್ಲಿ ಗುಜುಗುಜು ಮಾತು ನಿಂತಿತು.

“ಮೊದಲು ಸೂಜಿ ಬಿಚ್ಚಿ,” ಅಂದ ಅಪ್ಪ. “ಸೂಜಿ ಇರುವಾಗ ಒಳಗೆ ಬೆರಳು ಹಾಕಬೇಡಿ.” ಆಮೇಲೆ ಕ್ಯಾಮೆರಾದ ಹಿಂದೆ ನೋಡಿ, “ಇದನ್ನ ತೆಗೀಬೇಡ ಕಣಮ್ಮ, ಇದು ಇರಲಿ,” ಅಂದ.

ಟೈಲರ್ ಮಗಳ ಮುಖ ನೋಡಲಿಲ್ಲ. ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ವಿಡಿಯೊ ನಡೆಯಿತು. ಅಪ್ಪ ಹೇಳಿದ್ದನ್ನೇ ಹೇಳಿದ, ಮತ್ತೆ ಹೇಳಿದ. ಟೈಲರ್ ಒಂದೊಂದೇ ಭಾಗವನ್ನು ಅದರ ಜಾಗಕ್ಕೆ ಸೇರಿಸುತ್ತ ಹೋದಳು. ಅಮ್ಮ ಎದ್ದು ಬಂದಳು. ಬಂದ ನೆಂಟರು ಒಬ್ಬೊಬ್ಬರಾಗಿ ಕೋಣೆಯ ಬಾಗಿಲಿಗೆ ಬಂದು ನಿಂತರು. ಹೊರಗೆ ಹಾರ್ನ್ ಆಯಿತು. ಸ್ಮಶಾನದ ಗಾಡಿ ಬಂತು, ಹೊತ್ತಾಯಿತು ಎನ್ನುತ್ತಲೇ ಬಂದ ಚಿಕ್ಕಪ್ಪನೂ ಅಣ್ಣನ ದನಿ ಕೇಳಿ ಅವರ ಹಿಂದೆ ನಿಂತ.

ಹನ್ನೆರಡನೆಯ ನಿಮಿಷಕ್ಕೆ ಅಪ್ಪ ತಿರುಪು ಹಿಡಿದು ಕಣ್ಣು ಕಿರಿದು ಮಾಡಿದ. “ಕಾಣಲ್ಲ. ಇರಿ, ಕನ್ನಡಕ ತರ್ತೀನಿ,” ಎಂದು ಎದ್ದು ಹೋದ. ತೆರೆಯ ಮೇಲೆ ಖಾಲಿ ಕುರ್ಚಿ ಉಳಿಯಿತು. ಎಲ್ಲೋ ಡ್ರಾಯರ್ ಎಳೆದ ಸದ್ದು, ಮುಚ್ಚಿದ ಸದ್ದು, ಇನ್ನೊಂದನ್ನು ಎಳೆದ ಸದ್ದು.

ಮಗಳ ಹೆಬ್ಬೆರಳು ಫೋನಿನ ಹತ್ತಿರ ಹೋಗಿ ಹಿಂದೆ ಬಂತು. ಟೈಲರ್ ಶಟಲನ್ನು ಅಂಗೈಯಲ್ಲಿ ಹಿಡಿದು ಕಾದಳು. ಬಾಗಿಲಲ್ಲಿ ನಿಂತವರೆಲ್ಲ ಆ ಖಾಲಿ ಕುರ್ಚಿಯನ್ನೇ ನೋಡುತ್ತ, ಅವನು ವಾಪಸು ಬರುವುದನ್ನು ಕಾಯುತ್ತ ನಿಂತರು.